ಅಲ್ಲಾಡದ ರೀಡಿಂಗು

ಮಳವಳ್ಳಿಯ ಅಂಕಯ್ಯನವರು ಮೂವತ್ತಮೂರು ವರ್ಷ ಬ್ಲಫ್ ಎಂಬ ಊರಿನ ಜಲವಿದ್ಯುತ್ ಪವರ್‌ಹೌಸಿನಲ್ಲಿ ಗಂಟೆಗೊಂದು ಸಲ ಮೀಟರು ನೋಡಿ ಪುಸ್ತಕದಲ್ಲಿ ಬರೆದವರು. ಗಂಟೆ ಹೊಡೆಯಿತೆಂದರೆ ಕನ್ನಡಕ ಮೂಗಿಗೇರಬೇಕು, ಪೆನ್ನು ಕಿವಿಯಿಂದ ಇಳಿಯಬೇಕು. ವೋಲ್ಟೇಜು ಇಷ್ಟು, ಬೇರಿಂಗಿನ ಬಿಸಿ ಇಷ್ಟು, ನೀರಿನ ಒತ್ತಡ ಇಷ್ಟು. ಮುಳ್ಳು ನಿಂತಲ್ಲೇ ನಿಂತಿದ್ದರೆ ಮಂಡ್ಯ ಜಿಲ್ಲೆಯೇ ಕ್ಷೇಮ; ಒಂದು ಗೆರೆ ಅಲ್ಲಾಡಿತೋ, ಎಂಜಿನಿಯರ್ ಸಾಹೇಬರ ಊಟ ಅರ್ಧಕ್ಕೇ ನಿಲ್ಲಬೇಕು. ಇದು ಅವರು ಕಲಿತ ವಿದ್ಯೆ. ಆ ಕೆಲಸಕ್ಕೆ ಅದು ಸಾಕಾಗಿತ್ತು ಕೂಡ.

ಕಷ್ಟ ಶುರುವಾದದ್ದು ನಿವೃತ್ತಿಯಾದ ಮೇಲೆ. ನೋಡಲು ಮೀಟರೇ ಇಲ್ಲ! ಮೊದಲ ತಿಂಗಳು ಮನೆಯ ಮೇಲಿನ ನೀರಿನ ಟ್ಯಾಂಕಿಗೆ ಕೋಲು ಇಳಿಸಿ ಅಳೆದು ಬರೆದರು. ಎರಡನೆಯ ತಿಂಗಳು ಗ್ಯಾಸ್ ಸಿಲಿಂಡರನ್ನು ದಿನಾ ಬೆಳಿಗ್ಗೆ ತೂಗಿದರು. ಮೂರನೆಯ ತಿಂಗಳು ಬಿ.ಪಿ. ನೋಡುವ ಯಂತ್ರ ತಂದು ಹೆಂಡತಿ ಜಯಲಕ್ಷ್ಮಮ್ಮನ ತೋಳಿಗೆ ಗಂಟೆಗೊಂದು ಸಲ ಕಟ್ಟತೊಡಗಿದರು.

"ಇನ್ನೊಂದ್ಸಲಿ ಆ ಪಟ್ಟಿ ಸುತ್ತುದ್ರೆ ಅಲಗೂರಿಗೆ ನಮ್ಮವ್ವನ ಮನೆಗೆ ಓಯ್ತೀನಿ. ಆಮೇಲೆ ಮುದ್ದೆ ಕಟ್ಕಂಡು ಅದ್ರ ರೀಡಿಂಗ್ ನೀವೇ ಬರ್ಕಳಿ," ಎಂದರು ಜಯಲಕ್ಷ್ಮಮ್ಮ.

ಇಂಥ ಹೊತ್ತಿನಲ್ಲಿ ಅಂಕಯ್ಯನವರ ಕೈಗೆ ಆ ಕರಿ ಡಬ್ಬಿ ಬಂತು. ಬೆಂಕಿಪೊಟ್ಟಣದಷ್ಟು ಗಾತ್ರ. ಮೊಬೈಲಿನಲ್ಲಿ ವಿಡಿಯೋ ನೋಡಿ ತರಿಸಿಕೊಂಡದ್ದು. ಕಾರಿನ ಸ್ಟೇರಿಂಗಿನ ಕೆಳಗೆ ಚುಚ್ಚಿದರೆ ಸಾಕು, ಇಂಜಿನ್ನಿನೊಳಗಿನ ಸೆನ್ಸರುಗಳು ಏನೇನು ಹೇಳುತ್ತಿವೆಯೋ ಅದೆಲ್ಲ ಮೊಬೈಲಿನ ಮೇಲೆ ಅಂಕಿ ಅಂಕಿಯಾಗಿ ಮೂಡುತ್ತದೆ. ಅಂಕಯ್ಯನವರಿಗೆ ಹನ್ನೊಂದು ವರ್ಷದ ಹಳೆಯ ಬಿಳಿ ಕಾರೊಂದಿತ್ತು. ಮನೆಯ ಮುಂದೆ ನಿಂತಿದ್ದ ಆ ಕಾರು ಒಂದೇ ದಿನದಲ್ಲಿ ಪವರ್‌ಹೌಸಾಗಿ ಬಿಟ್ಟಿತು. ಕೆಂಪು ರಟ್ಟಿನ ಹೊಸ ಪುಸ್ತಕಕ್ಕೆ ಗೆರೆ ಬಿತ್ತು.

ಪಕ್ಕದ ಮನೆ ಮಂಚಮ್ಮ ಹಿಟ್ಟಿನ ಕೈಯಲ್ಲೇ ಬಂದು ಕಾರಿನೊಳಗೆ ಇಣುಕಿದಳು.

"ಏನಣ್ಣ, ಬೆಳಗ್ಗಿಂದ ಕಾರೊಳ್ಗೇ ಕೂತಿದ್ದೀಯೆ? ಅತ್ತಿಗೆ ಒಳೀಕೆ ಸೇರುಸ್ನಿಲ್ವಾ?"

"ಟೆಂಪರೇಚರ್ ನೋಡ್ತಾ ಇವ್ನಿ ಕಣಮ್ಮ. ತೊಂಬತ್ತೆರಡು."

"ಅಂಗಾದ್ರೆ ಜ್ವರ ಇಲ್ಲ ಬುಡು. ನಮ್ಮ ಕೂಸಿಗೆ ನೂರಾಎರಡು ಇತ್ತು."

"ಅದು ಫ್ಯಾರನ್‌ಹೀಟು. ಇದು ಸೆಂಟಿಗ್ರೇಡು. ನೀರು ಕುದಿಯಕ್ಕೆ ಎಂಟೇ ಬಾಕಿ."

ಮಂಚಮ್ಮ ಬಾನೆಟ್ಟಿನ ಕಡೆ ಗೌರವದಿಂದ ನೋಡಿದಳು. "ಅಯ್ಯೋ, ಅಂಗಿದ್ರೆ ಮುದ್ದೆಗೆ ಎಸರು ಇದ್ರ ಮೇಲೇ ಇಡ್ಬೋದಾಗಿತ್ತಲ್ಲಣ್ಣ. ಗ್ಯಾಸ್ ಯಾಕೆ ತೂಗ್ತಾ ಕುಂತಿದ್ದೆ?"

ಹೀಗೆ ಎಂಟು ದಿನ ನಗುನಗುತ್ತಾ ಕಳೆಯಿತು. ಒಂಬತ್ತನೆಯ ದಿನ ಅಂಕಯ್ಯನವರ ಕಣ್ಣಿಗೆ ಆಕ್ಸಿಜನ್ ಸೆನ್ಸರು ಬಿತ್ತು.

ಹೊಗೆ ಹೋಗುವ ಕೊಳವೆಯಲ್ಲಿ ಕೂತಿರುವ ಸೆನ್ಸರು ಅದು. ಮಿಕ್ಕವೆಲ್ಲ ಮರ್ಯಾದಸ್ಥ ಅಂಕಿಗಳು, ನಿಂತಲ್ಲಿ ನಿಂತಿದ್ದವು. ಇದೊಂದು ಮಾತ್ರ ಸೊನ್ನೆ ಪಾಯಿಂಟ್ ಒಂದು ಅನ್ನುತ್ತದೆ, ಕಣ್ಣು ಮಿಟುಕಿಸುವುದರೊಳಗೆ ಸೊನ್ನೆ ಪಾಯಿಂಟ್ ಒಂಬತ್ತು ಅನ್ನುತ್ತದೆ, ಮತ್ತೆ ಒಂದು. ಮೊಬೈಲಿನಲ್ಲಿ ಅದರ ಗೆರೆ ಗರಗಸದ ಹಲ್ಲಿನ ಹಾಗೆ ಮೇಲೆ ಕೆಳಗೆ, ಮೇಲೆ ಕೆಳಗೆ. ಅಂಕಯ್ಯನವರ ಎದೆಯೂ ಅದರ ಜೊತೆಗೇ ಹತ್ತಿ ಇಳಿಯಿತು. ಪವರ್‌ಹೌಸಿನಲ್ಲಿ ಮುಳ್ಳು ಹೀಗೆ ಕುಣಿದಿದ್ದರೆ ಇಷ್ಟು ಹೊತ್ತಿಗೆ ಬೆಂಗಳೂರಿನಿಂದ ಜೀಪು ಹೊರಟಿರುತ್ತಿತ್ತು.

ಕಾರನ್ನು ಹಿಂದಿನ ವಾರವಷ್ಟೇ ಬಿಚ್ಚಿ ಸರ್ವೀಸು ಮಾಡಿದ್ದವನು ಮದ್ದೂರಿನ ಹುಚ್ಚೀರಯ್ಯ. ಅಂಕಯ್ಯನವರ ತಂಗಿ ಕುಸುಮಳ ಗಂಡ. ಅದಕ್ಕೂ ಮೊದಲು ಒಂದೇ ಬೆಂಚಿನಲ್ಲಿ ಕೂತು ಏಟು ತಿಂದ ಗೆಳೆಯ. ಒಬ್ಬರನ್ನೊಬ್ಬರು 'ಭಾವ' ಅನ್ನುತ್ತಾರೆ, ಸಿಟ್ಟು ಬಂದಾಗ ಮಾತ್ರ ಹಳೇ ಬೆಂಚಿನ 'ಲೇ' ಹೊರಬರುತ್ತದೆ. ಮದ್ದೂರಿನ ರೈಲ್ವೆ ಸ್ಟೇಷನ್ನಿನ ಹತ್ತಿರ ಹುಚ್ಚೀರಯ್ಯನ ಶೆಡ್ಡು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿಕೊಂಡು, ಕಣ್ಣು ಮುಚ್ಚಿ, ಕಾರಿನ ಕಷ್ಟಸುಖ ಕೇಳುವುದು ಅವನ ಪದ್ಧತಿ.

ಅಂಕಯ್ಯ ಮೊಬೈಲನ್ನು ಅವನ ಮೂಗಿಗೆ ಹಿಡಿದರು.

"ಭಾವ, ನೀನು ಬಿಚ್ಚಿ ಹಾಕ್ದಾಗಿಂದ ಈ ಸೆನ್ಸರು ಕೆಟ್ಟೋಗದೆ. ನೋಡು ಎಂಗೆ ನಡುಗ್ತಾ ಅದೆ!"

ಹುಚ್ಚೀರಯ್ಯ ಕೈಯ ಗ್ರೀಸು ಒರೆಸಿಕೊಂಡು ನೋಡಿದ. ನಕ್ಕ.

"ಅದು ನಡುಗಾದಲ್ಲ ಭಾವ, ಮೂಸಾದು. ಒಗೆ ಮೂಸಿ ನೋಡಿ ಪೆಟ್ರೋಲು ಜಾಸ್ತಿ ಆಯ್ತು ಅಂದ್ರೆ ಮೇಲಕ್ಕೋಯ್ತದೆ, ಕಮ್ಮಿ ಆಯ್ತು ಅಂದ್ರೆ ಕೆಳೀಕೆ ಬತ್ತದೆ. ಅದು ಏಳ್ದಂಗೆ ಇಂಜಿನ್ನು ಒಸಿ ಕೈ ಬಿಗಿ ಮಾಡ್ತದೆ, ಒಸಿ ಸಡ್ಲ ಬುಡ್ತದೆ. ಅದು ಇಂಗೆ ಆಡ್ತಾ ಇದ್ರೇನೇ ಗಾಡಿ ನೆಟ್ಟಗದೆ ಅಂತ."

"ಮೂವತ್ಮೂರು ವರ್ಷ ಮೀಟ್ರು ನೋಡಿವ್ನಿ. ನಂಗೇಳ್ಬ್ಯಾಡ."

"ಅದು ಪವರ್‌ಹೌಸು ಭಾವ. ಇದು ಕಾರು."

ಇಷ್ಟಕ್ಕೇ ನಿಂತಿದ್ದರೆ ಒಂದು ಟೀ ಕುಡಿದು ಮುಗಿಯುತ್ತಿತ್ತು. ಆದರೆ ಶೆಡ್ಡಿನಲ್ಲಿ ಬೆಸಗರಹಳ್ಳಿಯ ಗಿರಾಕಿಯೊಬ್ಬ ತನ್ನ ಕಾರಿನ ರಿಪೇರಿ ಮುಗಿಯುವುದನ್ನು ಕಾಯುತ್ತಾ ಕೂತಿದ್ದ. ಅವನಿಗೆ ಅನುಮಾನ ಹತ್ತಿತು.

"ಸಾಮಿ, ಅಂಗೇ ನಂದೂ ಒಸಿ ನೋಡ್ಬುಡಿ. ನಡುಗ್ತಾ ಅದಾ?"

ಅಂಕಯ್ಯ ಡಬ್ಬಿ ಚುಚ್ಚಿದರು. ಇಂಜಿನ್ನು ಬಿಸಿಯಾಗುವವರೆಗೆ ಕಾದರು. ನಡುಗುತ್ತಿತ್ತು. ಪಕ್ಕದಲ್ಲಿದ್ದ ಇನ್ನೊಂದು ಕಾರಿಗೆ ಚುಚ್ಚಿದರು. ಅದೂ ನಡುಗುತ್ತಿತ್ತು.

ಮೂರು ಕಾರು ನೋಡಿ ಮೂರರಲ್ಲೂ ಒಂದೇ ರೀತಿ ಕಂಡರೆ, ಬಹುಶಃ ಅದು ಇರುವುದೇ ಹೀಗೇನೋ ಎಂದು ಲೋಕದ ಜನ ಯೋಚಿಸುತ್ತಾರೆ. ಅಂಕಯ್ಯನವರ ಯೋಚನೆಗೆ ಬೇರೆ ದಾರಿಯಿತ್ತು. ಅವರು ಕನ್ನಡಕ ತೆಗೆದು ಗಂಭೀರವಾಗಿ ಹೇಳಿದರು: "ಮೂರಕ್ಕೆ ಮೂರೂ! ಭಾವ, ನಿನ್ನ ಕೈಗೆ ಬಂದ ಗಾಡಿ ಒಂದನ್ನೂ ನೀನು ಉಳ್ಸಿಲ್ಲ."

"ಲೇ ಅಂಕ, ಬಾಯ್ ಮುಚ್ಲಾ. ಗಿರಾಕಿಗಳವ್ರೆ," ಎಂದ ಹುಚ್ಚೀರಯ್ಯ ಹಲ್ಲು ಕಚ್ಚಿ.

"ಇದ್ರೆ ಇರ್ಲಿ! ಕಿವೀಲಿ ಕೇಳಿ ರಿಪೇರಿ ಮಾಡಾಕೆ ಇದೇನು ತಮಟೆನಾ?"

ಬೆಸಗರಹಳ್ಳಿಯವನು ಎದ್ದು, ರಿಪೇರಿ ಅರ್ಧವಾಗಿದ್ದ ತನ್ನ ಕಾರನ್ನು ಹಾಗೇ ಓಡಿಸಿಕೊಂಡು ಹೋಗಿಬಿಟ್ಟ. ಹುಚ್ಚೀರಯ್ಯ ಆ ಕಾರು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದ. ಆಮೇಲೆ ಸ್ಕ್ರೂಡ್ರೈವರನ್ನು ಎತ್ತಿಕೊಂಡು ಒಳಗೆ ಹೋದವನು ಹೊರಗೆ ಬರಲಿಲ್ಲ.

ಅಂಕಯ್ಯನವರು ಮನೆಗೆ ಬಂದು ಸುಮ್ಮನೆ ಕೂರಬಹುದಾಗಿತ್ತು. ಆದರೆ ಪವರ್‌ಹೌಸಿನಲ್ಲಿ ದೋಷ ಕಂಡರೆ ವರದಿ ಬರೆಯಲೇಬೇಕೆಂಬ ನಿಯಮವಿತ್ತಲ್ಲ! ಬರೆದರು. "ತಪಾಸಣೆ ಮಾಡಿದ ಗಾಡಿಗಳು: ಮೂರು. ಅಲ್ಲಾಡಿದವು: ಮೂರು. ಕಾರಣ: ಮೆಕ್ಯಾನಿಕ್ ಹುಚ್ಚೀರಯ್ಯನಿಗೆ ರೀಡಿಂಗ್ ಗೊತ್ತಿಲ್ಲದಿರುವುದು. ಇತಿ, ಅಂಕಯ್ಯ, ನಿವೃತ್ತ ಆಪರೇಟರ್." ಬರೆದು, ಫೋಟೋ ತೆಗೆದು, 'ನಮ್ಮ ಮನೆ ಮಂದಿ' ಎಂಬ ವಾಟ್ಸಾಪ್ ಗುಂಪಿಗೆ ಹಾಕಿದರು.

ಆ ಗುಂಪಿನಲ್ಲಿ ಅರವತ್ತನಾಲ್ಕು ಜನರಿದ್ದರು. ಹಿಂದಿನ ದಿನವಷ್ಟೇ ಹೊಸದಾಗಿ ಸೇರಿಸಿದ್ದವರು ಮಂಡ್ಯದ ಬೀಗರು. ಹುಚ್ಚೀರಯ್ಯನ ಒಬ್ಬಳೇ ಮಗಳು ಗಗನಳನ್ನು ಸೊಸೆಯಾಗಿ ತಂದುಕೊಳ್ಳುತ್ತಿದ್ದ ಮನೆಯವರು. ಮದುವೆಗೆ ಒಂದೂವರೆ ತಿಂಗಳಿತ್ತು. ಗಂಡಿನ ತಂದೆ ವರದಿಯನ್ನು ಓದಿ, ಕೈ ಮುಗಿದಿರುವ ಚಿತ್ರವೊಂದನ್ನು ಹಾಕಿದರು. ಕುಸುಮ ಗುಂಪು ಬಿಟ್ಟಳು. ಅವಳ ಹಿಂದೆ ಹನ್ನೆರಡು ಜನ ಬಿಟ್ಟರು. ಏನು ನಡೆದಿದೆಯೆಂದು ತಿಳಿಯದ ಹಲಗೂರಿನ ಅಜ್ಜಿಯೊಬ್ಬರು ಮಾತ್ರ ಗುಲಾಬಿ ಹೂವಿನ ಮೇಲೆ ಶುಭೋದಯ ಎಂದು ಕಳಿಸಿದರು.

ಸಂಜೆ ಗಗನಳ ಫೋನು ಬಂತು.

ಅಂಕಯ್ಯನವರಿಗೆ ಮಕ್ಕಳಿಲ್ಲ. ಗಗನಳನ್ನು ಮೂರು ವರ್ಷದವಳಿದ್ದಾಗ ಹೆಗಲ ಮೇಲೆ ಹೊತ್ತು ಬ್ಲಫ್‌ನ ಟರ್ಬೈನು ತೋರಿಸಿದವರು ಅವರು. ಶಬ್ದಕ್ಕೆ ಹೆದರಿ ಅವಳು ಅವರ ಕೂದಲು ಕಿತ್ತದ್ದನ್ನು ಇವತ್ತಿಗೂ ಬೋಳುತಲೆ ತೋರಿಸಿ ಹೇಳುತ್ತಾರೆ. ಮದುವೆಯಲ್ಲಿ ಹೆಣ್ಣನ್ನು ಕೈಹಿಡಿದು ಮಂಟಪಕ್ಕೆ ಕರೆತರುವುದು ಸೋದರಮಾವನ ಹಕ್ಕು. ಗಗನ ಹುಟ್ಟಿದ ದಿನದಿಂದ ಆ ಒಂದು ಹಕ್ಕನ್ನು ಅಂಕಯ್ಯ ಎದೆಯಲ್ಲಿಟ್ಟುಕೊಂಡು ಬಂದಿದ್ದರು. ಅದಕ್ಕೆಂದೇ ಕೊಂಡ ರೇಷ್ಮೆ ಪಂಚೆ ಎರಡು ವರ್ಷದಿಂದ ಬೀರುವಿನಲ್ಲಿತ್ತು.

"ಮಾವ," ಎಂದಳು ಗಗನ, "ಅಪ್ಪ ಊಟ ಬುಟ್ಟವ್ರೆ. ನೀನು ಏನಾದ್ರೂ ಬರ್ಕೋ, ಅಪ್ಪನ್ ತಾವ ಜಗಳಾನಾದ್ರೂ ಆಡು. ಮದ್ವೆ ದಿನ ಮಾತ್ರ ಬಂದ್ಬುಡು. ನೀನು ಕೈ ಇಡೀದೆ ನಾನು ಮಂಟಪಕ್ಕೆ ಹೋಗಕಿಲ್ಲ."

"ಬತ್ತೀನಿ ಕಣವ್ವ! ಬರ್ದೆ ಇರ್ತೀನಾ? ಮುಂಚಿನ ದಿನ ಬರಕಿಲ್ಲ, ನಿಮ್ಮಪ್ಪನ ಮೊಕ ನೋಡಕಿಲ್ಲ. ಮುಹೂರ್ತಕ್ಕೆ ಸರ್ಯಾಗಿ, ನನ್ನ ಗಾಡೀಲೇ, ನಡುಗದೇ ಇರೋ ಸೆನ್ಸರ್ ಹಾಕ್ಕೊಂಡು ಬತ್ತೀನಿ. ನಿಮ್ಮಪ್ಪನೂ ನೋಡ್ಲಿ!"

"ಬಸ್ಸಲ್ಲಿ ಬಂದ್ರೂ ಆಯ್ತದೆ ಮಾವ."

ಆ ಕೊನೆಯ ಮಾತು ಅವರ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಮಾರನೆಯ ದಿನದಿಂದ ಮಂಡ್ಯದ ಯಾತ್ರೆ ಶುರುವಾಯಿತು. ನೂರಡಿ ರಸ್ತೆಯಲ್ಲಿ ನಾಗರತ್ನ ಎಂಬಾಕೆಯ ಬಿಡಿಭಾಗಗಳ ಅಂಗಡಿ. ಅಲ್ಲಿಂದ ಹೊಸ ಸೆನ್ಸರು ತಂದು, ಯಾರು ಏನು ಹೇಳಿದರೂ 'ಆಯ್ತು ಸಾರ್' ಅನ್ನುವ ಮಳವಳ್ಳಿಯ ಮೆಕ್ಯಾನಿಕ್ಕೊಬ್ಬನಿಂದ ಹಾಕಿಸಿದರು. ಅದೂ ಕುಣಿಯಿತು. ವಾಪಸು ಕೊಟ್ಟು ಎರಡನೆಯದು ತಂದರು. ಅದು ಹೊಸ ರಕ್ತ, ಇನ್ನೂ ಜೋರಾಗಿ ಕುಣಿಯಿತು. ಮೂರನೆಯದನ್ನೂ ವಾಪಸು ತಂದಾಗ ನಾಗರತ್ನ ಕುರ್ಚಿಯಿಂದ ಎದ್ದು ನಿಂತಳು.

"ಸಾರ್, ನಾನು ಬಾಗ್ಲು ಹಾಕ್ಕೊಂಡು ಹೋಗ್ಬೇಕಾ? ಮೂರು ಪೀಸ್ ಬಿಚ್ಚುಸ್ಕೊಂಡು ತಂದಿದ್ದೀರ. ಏನ್ ತೊಂದ್ರೆ ಇದ್ರಲ್ಲಿ?"

"ಅಲ್ಲಾಡ್ತದೆ ಕಣಮ್ಮ."

"ಅಲ್ಲಾಡ್ಲೇಬೇಕು ಸಾರ್!"

"ನಂಗೆ ಅಲ್ಲಾಡ್ದೆ ಇರೋದು ಬೇಕು."

"ಅಲ್ಲಾಡ್ದೆ ಇರೋದು ಬೇಕು ಅಂದ್ರೆ ಗುಜರಿಗೆ ಹೋಗಿ. ಅಲ್ಲಿ ಸತ್ತಿರೋವು ಸಿಗ್ತವೆ, ಒಂದೂ ಅಲ್ಲಾಡಲ್ಲ!"

ನಾಗರತ್ನ ಇದನ್ನು ರೇಗಿ ಹೇಳಿದ್ದಳು. ಅಂಕಯ್ಯ ಸಲಹೆಯೆಂದು ತಿಳಿದು, "ಇದನ್ನ ಮೊದ್ಲೇ ಏಳಿದ್ರೆ ಇಷ್ಟು ಓಡಾಟ ಇರ್ತಿರ್ನಿಲ್ವಲ್ಲಮ್ಮ," ಎಂದು ಕೈಮುಗಿದು, ನೇರವಾಗಿ ಗುಜರಿಗೆ ಹೋದರು. ಯಾವುದೋ ಮುದಿ ಕಾರಿನ ಮಸಿ ಹಿಡಿದ ಕೊಳವೆಯಿಂದ ಬಿಚ್ಚಿಸಿಕೊಂಡ ಸೆನ್ಸರನ್ನು ಪ್ರಸಾದದಂತೆ ಕರವಸ್ತ್ರದಲ್ಲಿ ಸುತ್ತಿ ತಂದರು.

'ಆಯ್ತು ಸಾರ್' ಹಾಕಿಕೊಟ್ಟ. ಅಂಕಯ್ಯ ಮೊಬೈಲು ನೋಡಿದರು. ಸೊನ್ನೆ ಪಾಯಿಂಟ್ ಒಂದು. ಐದು ನಿಮಿಷ ನೋಡಿದರು. ಸೊನ್ನೆ ಪಾಯಿಂಟ್ ಒಂದು. ಗೆರೆ ಕೊಳದ ನೀರಿನ ಹಾಗೆ ಮಲಗಿತ್ತು. ಅವರ ಕಣ್ಣು ಒದ್ದೆಯಾಯಿತು. ಆವತ್ತು ಬೀದಿಗೆಲ್ಲ ಮದ್ದೂರು ವಡೆ ಹಂಚಿದರು.

ಎರಡೇ ದಿನಕ್ಕೆ ಸ್ಟೇರಿಂಗಿನ ಮುಂದೆ ಇಂಜಿನ್ನಿನ ಚಿತ್ರದ ಹಳದಿ ದೀಪವೊಂದು ಹತ್ತಿಕೊಂಡಿತು. ಮಂಚಮ್ಮನೇ ಮೊದಲು ನೋಡಿದ್ದು.

"ಅಣ್ಣ, ಏನೋ ದೀಪ ಉರೀತದೆ?"

"ಉರೀಬೇಕು ಕಣಮ್ಮ. ಪವರ್‌ಹೌಸಲ್ಲಿ ದೀಪ ಉರುದ್ರೆ ಮಿಷನ್ನು ಕೆಲ್ಸ ಮಾಡ್ತಾ ಅದೆ ಅಂತ."

"ಮೊಬೈಲಲ್ಲಿ ಏನೋ ಕೆಂಪಗೆ ಬರ್ದದೆ?"

ಅಂಕಯ್ಯ ಕನ್ನಡಕ ಸರಿಮಾಡಿಕೊಂಡು ಓದಿದರು. ಸೆನ್ಸರಿನಲ್ಲಿ ಯಾವ ಚಟುವಟಿಕೆಯೂ ಕಾಣುತ್ತಿಲ್ಲ ಎಂದಿತ್ತು. "ತೆಪ್ಪಗವ್ನೆ, ಯಾವ ತರ್ಲೇನೂ ಇಲ್ಲ ಅಂತ ಸರ್ಟಿಫಿಕೇಟ್ ಕೊಟ್ಟದೆ," ಎಂದರು.

ಅಲ್ಲಿಂದ ಕಾರಿನ ಹಿಂದೆ ಕರಿ ಹೊಗೆ ಬರತೊಡಗಿತು. ಬೆಳಿಗ್ಗೆ ರೀಡಿಂಗಿಗೆಂದು ಇಂಜಿನ್ನು ಶುರುಮಾಡಿದರೆ ಮಂಚಮ್ಮ ಒಣಹಾಕಿದ್ದ ಸಂಡಿಗೆಯ ಮೇಲೆಲ್ಲ ಮಸಿ. "ಅಣ್ಣ, ಅಕ್ಕಿ ಸಂಡಿಗೆ ಇಟ್ಟಿದ್ದೆ, ರಾಗಿ ಸಂಡಿಗೆ ಎತ್ಕೊಂಡೆ," ಎಂದು ಅವಳು ತಟ್ಟೆ ತಂದು ತೋರಿಸಿದಳು. ಪೆಟ್ರೋಲು ನೀರಿನಂತೆ ಖರ್ಚಾಗತೊಡಗಿತು. ಸೆನ್ಸರು ತಪ್ಪು ಹೇಳುತ್ತಿರಬಹುದೆಂದು ಅಂಕಯ್ಯನವರಿಗೆ ಹೊಳೆಯಲಿಲ್ಲ. ಅಷ್ಟು ಸ್ಥಿರವಾಗಿ ಮಾತಾಡುವುದು ಸುಳ್ಳು ಹೇಳೀತೇ? ಅವರು ಪೆಟ್ರೋಲ್ ಬಂಕಿನ ಮೇಲೆ ಅಳತೆ ಇಲಾಖೆಗೆ ದೂರು ಬರೆದರು. ಪಾಪ, ಅಧಿಕಾರಿಯೊಬ್ಬರು ಐದು ಲೀಟರಿನ ಪಾತ್ರೆ ಹೊತ್ತು ಬಂದು, ಎಲ್ಲರ ಮುಂದೆ ಅಳೆದು, ಒಂದು ಹನಿಯೂ ಹೆಚ್ಚುಕಮ್ಮಿ ಇಲ್ಲವೆಂದು ತೋರಿಸಿದರು.

"ಯಜಮಾನ್ರೇ, ಬಂಕು ಸರಿಯಾಗಿದೆ. ನಿಮ್ಮ ಕಾರೇ ಜಾಸ್ತಿ ಕುಡೀತಿದೆ. ಒಬ್ಬ ಒಳ್ಳೆ ಮೆಕ್ಯಾನಿಕ್‌ಗೆ ತೋರ್ಸಿ. ಮದ್ದೂರಲ್ಲಿ ಹುಚ್ಚೀರಯ್ಯ ಅಂತ ಇದ್ದಾನೆ, ಕಿವೀಲೇ ಹೇಳ್ಬಿಡ್ತಾನೆ."

ಅಂಕಯ್ಯ ಅಧಿಕಾರಿಗೆ ಟೀ ಕೂಡ ಕೊಡಿಸದೆ ಮನೆಗೆ ಬಂದರು.

ಮದುವೆಯ ದಿನ ಬಂತು. ಮದ್ದೂರಿನ ಛತ್ರ, ಒಂಬತ್ತೂವರೆಯಿಂದ ಹತ್ತೂವರೆಯೊಳಗೆ ಮುಹೂರ್ತ. ಬೆಳಿಗ್ಗೆ ಎಂಟಕ್ಕೆಲ್ಲ ಅಂಕಯ್ಯ ರೇಷ್ಮೆ ಪಂಚೆ ಉಟ್ಟು, ಪೇಟ ಕಟ್ಟಿ, ಪಕ್ಕದಲ್ಲಿ ಜಯಲಕ್ಷ್ಮಮ್ಮನನ್ನೂ ಮಡಿಲಿನಲ್ಲಿ ಕೆಂಪು ರಟ್ಟಿನ ಪುಸ್ತಕವನ್ನೂ ಇಟ್ಟುಕೊಂಡು ಹೊರಟರು. ಕೆ.ಎಂ. ದೊಡ್ಡಿ ದಾಟಿದ್ದೇ ತಡ, ಕಾರು ಕೆಮ್ಮಿತು. ಕಬ್ಬಿನ ಗದ್ದೆಯ ಪಕ್ಕ ಇನ್ನೊಂದು ಸಲ ಕೆಮ್ಮಿ, ಕರಿಮೋಡದಂಥ ಹೊಗೆ ಬಿಟ್ಟು, ನಿಂತುಹೋಯಿತು.

ಅಂಕಯ್ಯ ಗಾಬರಿಯಾಗಲಿಲ್ಲ. ಮೊಬೈಲು ತೆಗೆದರು. "ಟೆಂಪರೇಚರ್ ಸರ್ಯಾಗದೆ. ಬ್ಯಾಟ್ರಿ ಸರ್ಯಾಗದೆ. ಆಕ್ಸಿಜನ್ನು, ಆಹಾ, ಸೊನ್ನೆ ಪಾಯಿಂಟ್ ಒಂದು. ಎಲ್ಲಾ ಸರ್ಯಾಗದೆ!"

"ಎಲ್ಲಾ ಸರ್ಯಾಗಿದ್ರೆ ನಡೀರಿ ಮತ್ತೆ," ಎಂದರು ಜಯಲಕ್ಷ್ಮಮ್ಮ.

"ಸ್ಟಾರ್ಟ್ ಆಯ್ತಾ ಇಲ್ಲ."

ಇಪ್ಪತ್ತು ನಿಮಿಷ ಕಳೆಯಿತು. ಹಿಂದಿನಿಂದ ಮದ್ದೂರಿನ ಬಸ್ಸು ಬಂತು. ಜಯಲಕ್ಷ್ಮಮ್ಮ ರಸ್ತೆಯ ನಡುವೆ ನಿಂತು ಎರಡೂ ಕೈ ಎತ್ತಿದರು. ಬಸ್ಸು ನಿಂತಿತು.

"ಬನ್ನಿ ಬಿರ್ನೆ!"

"ನೀನು ನಡೀ, ಐದು ನಿಮ್ಸ. ಇಷ್ಟೆಲ್ಲ ರೀಡಿಂಗ್ ಚೆನ್ನಾಗಿರೋವಾಗ ಗಾಡಿ ಬುಟ್ಟು ಬಸ್ಸಲ್ಲಿ ಹೋದ್ರೆ ನಿನ್ನ ನಾದ್ನಿ ಗಂಡ ನಗಾಕಿಲ್ವಾ?"

"ನಕ್ಕೊಳ್ಲಿ ಬುಡಿ, ನಕ್ರೆ ಏನಾಯ್ತದೆ? ಅಲ್ಲಿ ಕೂಸು ಕಾಯ್ತಾ ಕೂತದೆ!"

ಕಂಡಕ್ಟರು ಶಿಳ್ಳೆ ಹಾಕಿದ. "ಅಮ್ಮಾವ್ರೇ, ಹತ್ತೋದಾದ್ರೆ ಹತ್ತಿ. ಯಜಮಾನ್ರು ಬರೋದಾದ್ರೆ ಟಿಕೇಟು, ನಿಮ್ಗೆ ಫ್ರೀ."

ಜಯಲಕ್ಷ್ಮಮ್ಮ ಸೆರಗಿನಿಂದ ಆಧಾರ್ ಕಾರ್ಡು ತೆಗೆದು ತೋರಿಸಿ ಹತ್ತಿದರು. ಕಿಟಕಿಯಿಂದ ತಿರುಗಿ ನೋಡಿದಾಗ ಅಂಕಯ್ಯ ಸ್ಟೇರಿಂಗಿನ ಕೆಳಗೆ ತಲೆ ಹಾಕಿದ್ದರು; ಪೇಟ ಮಾತ್ರ ಕಾಣುತ್ತಿತ್ತು.

ಒಂಬತ್ತೂವರೆಗೆ ಫೋನು ಬಂತು. ಒಂದೂವರೆ ತಿಂಗಳ ಮೇಲೆ ಹುಚ್ಚೀರಯ್ಯನ ದನಿ. ಹಿಂದೆ ವಾಲಗ.

"ಭಾವ, ಎಲ್ಲಿದ್ದೀಯೆ? ಅಕ್ಕ ಬಸ್ಸಲ್ಲಿ ಬಂದು ಇಳ್ದು ಗುಜರಿ ಸೆನ್ಸರಿನ ಕತೆಯೆಲ್ಲ ಏಳುದ್ರು."

"ದೊಡ್ಡಿ ತಾವ. ರೀಡಿಂಗೆಲ್ಲ ಸರ್ಯಾಗದೆ ಭಾವ, ಗಾಡಿ ಮಾತ್ರ..."

"ಸೈಲೆನ್ಸರ್ ಒಳೀಕೆ ಬೆರಳಾಕಿ ತೆಗಿ. ಕರ್ರಗದಾ?"

"...ಕರ್ರಗದೆ."

"ಪೆಟ್ರೋಲ್ ವಾಸ್ನೆ?"

"ಅದೆ."

"ಪ್ಲಗ್ಗೆಲ್ಲ ಮಸಿ ತಿಂದವೆ. ಆ ಸತ್ತ ಸೆನ್ಸರು ಪೆಟ್ರೋಲ್ ಸಾಲ್ದು ಸಾಲ್ದು ಅಂತ ಒಂದೇ ಮಾತು ಏಳ್ತಾ ಕೂತದೆ. ಇಂಜಿನ್ನು ಅದನ್ನ ನಂಬ್ಕೊಂಡು ತಿಂಗಳಿಂದ ಸುರೀತಾ ಅದೆ. ಅದು ಈಗ ಏಳಾಕಿಲ್ಲ. ಗಾಡಿ ಅಲ್ಲೇ ಬುಡು, ಕಳ್ಳ್ರು ತಕ್ಕೊಂಡೋದ್ರೆ ಓಗ್ಲಿ. ಸಿಕ್ಕುದ್ದು ಹತ್ಕೊಂಡ್ ಬಾ ಭಾವ, ಕೂಸು ಬಾಗ್ಲು ನೋಡ್ತಾ ಅವ್ಳೆ."

ಯಾರೋ ಹಿಂದಿನಿಂದ, "ಸೋದರಮಾವ ಎಲ್ಲಿ? ಹೆಣ್ಣು ಕರ್ಕೊಂಡು ಬನ್ನಿ," ಎಂದು ಕೂಗಿದ್ದು ಫೋನಿನಲ್ಲಿ ಕೇಳಿಸಿತು.

ಇಲ್ಲಿ ಅಂಕಯ್ಯನವರ ಬಗ್ಗೆ ಒಳ್ಳೆಯ ಮಾತು ಹೇಳೋಣವೆಂದರೆ ನಮಗೂ ದಾರಿಯಿಲ್ಲ. ಫೋನಿಟ್ಟವರು ಆ ಕ್ಷಣವೇ ರಸ್ತೆಗೆ ಬಂದಿದ್ದರೆ ಸಾಕಾಗಿತ್ತು. ಅವರು ಸೈಲೆನ್ಸರಿಗೆ ಹಾಕಿದ್ದ ಕರಿ ಬೆರಳನ್ನು ನೋಡಿದರು, ಮೊಬೈಲಿನ ನಿಶ್ಚಲ ಗೆರೆಯನ್ನು ನೋಡಿದರು. ಎರಡರಲ್ಲಿ ಯಾವುದನ್ನು ನಂಬುವುದೆಂದು ತೀರ್ಮಾನಿಸಲು, ಕಡೆಯದಾಗಿ ಒಂದೇ ಒಂದು ಸಲ ಡಬ್ಬಿ ಕಿತ್ತು ಚುಚ್ಚಿ ರೀಡಿಂಗು ತೆಗೆದು ಬರೆಯೋಣವೆಂದು ಮತ್ತೆ ಸ್ಟೇರಿಂಗಿನ ಕೆಳಗೆ ತಲೆ ಹಾಕಿದರು. ಅವರ ತಲೆ ಅಲ್ಲಿದ್ದಾಗಲೇ ಮದ್ದೂರಿನ ಮತ್ತೊಂದು ಬಸ್ಸು ಹಾರ್ನು ಹೊಡೆದು ದಾಟಿಹೋಯಿತು. ತಲೆ ಎತ್ತಿದಾಗ ರಸ್ತೆಯಲ್ಲಿ ಅದರ ಧೂಳಿತ್ತು.

ಆಗ ಓಡಿದರು. ಪೇಟ ಬಿತ್ತು, ಎತ್ತಿಕೊಳ್ಳಲಿಲ್ಲ. ಕೈ ಅಡ್ಡ ಹಾಕಿದರೂ ಕಾರುಗಳು ನಿಲ್ಲಲಿಲ್ಲ. ಮುಖಕ್ಕೆಲ್ಲ ಮಸಿ ಬಳಿದುಕೊಂಡು ರೇಷ್ಮೆ ಪಂಚೆಯಲ್ಲಿ ಓಡುವವನನ್ನು ಯಾರು ಹತ್ತಿಸಿಕೊಂಡಾರು? ಕೊನೆಗೆ ಗೂಡ್ಸ್ ಆಟೋ ಒಂದು ನಿಂತಿತು. ಹಿಂದೆ ಆರು ಕುರಿಗಳಿದ್ದವು.

"ಎಲ್ಲಿಗಪ್ಪ?" ಎಂದರು ಅಂಕಯ್ಯ.

"ಮದ್ದೂರು ಛತ್ರಕ್ಕೆ. ಹುಚ್ಚೀರಣ್ಣನ ಮಗಳ ಬೀಗರೂಟಕ್ಕೆ ಕುರಿ. ನೀವು?"

"ನಾನು... ನಾನೂ ಅಲ್ಲಿಗೇ."

"ಎಣ್ಣಿನ ಕಡೇನಾ, ಗಂಡಿನ ಕಡೇನಾ?"

ಅಂಕಯ್ಯ ಕುರಿಗಳ ನಡುವೆ ಹತ್ತಿ ಕೂತರು. ಒಂದು ಕುರಿ ದಾರಿಯುದ್ದಕ್ಕೂ ಅವರ ಶಲ್ಯ ತಿಂದಿತು. ಅವರು ಬಿಡಿಸಿಕೊಳ್ಳಲಿಲ್ಲ.

ಛತ್ರದ ಬಾಗಿಲಿಗೆ ಬಂದಾಗ ಹನ್ನೊಂದು ಗಂಟೆ. ವಾಲಗ ನಿಂತಿತ್ತು. ಜನ ಊಟದ ಮನೆಗೆ ಹೋಗುತ್ತಿದ್ದರು. ಹತ್ತೂ ಇಪ್ಪತ್ತರವರೆಗೆ ಗಗನ ಕೋಣೆಯಿಂದ ಹೊರಬಂದಿರಲಿಲ್ಲವೆಂದೂ, ಮುಹೂರ್ತ ಮೀರುತ್ತದೆಂದು ಪುರೋಹಿತರು ಕೂಗಾಡಿದರೆಂದೂ, ಕೊನೆಗೆ ಜಯಲಕ್ಷ್ಮಮ್ಮನೇ, "ಬಾರವ್ವ, ನಿಮ್ಮ ಮಾವನ ಪಾಲಿನ ಕೈಯೂ ಇದೇ ಅನ್ಕೋ," ಎಂದು ಕರೆತಂದರೆಂದೂ ಬಾಗಿಲಲ್ಲಿ ಪನ್ನೀರು ಚೆಲ್ಲುತ್ತಿದ್ದ ಹೆಂಗಸೊಬ್ಬಳು ಹೇಳಿದಳು. ಇವರು ಯಾರೆಂದು ಅವಳಿಗೆ ತಿಳಿಯದು. "ಆ ಮಾವ ಅನ್ನೋನು ಅದೆಂಥ ಕಲ್ಲಪ್ಪ!" ಎಂದು ಸೇರಿಸಿ, ಅವರ ಮೇಲೂ ಪನ್ನೀರು ಚಿಮುಕಿಸಿದಳು.

ಹುಚ್ಚೀರಯ್ಯ ಎದುರಿಗೆ ಬಂದ. ಬಯ್ಯುತ್ತಾನೆಂದು ಅಂಕಯ್ಯ ತಲೆ ತಗ್ಗಿಸಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ಹೆಗಲ ಮೇಲಿನ ಹೊಸ ಶಲ್ಯ ತೆಗೆದು ಅಂಕಯ್ಯನವರ ಕೈಗಿತ್ತು, "ಮೊಕ ಒರೆಸ್ಕೊ ಭಾವ. ಊಟ ಮಾಡು, ಎಲೆ ಹಾಕವ್ರೆ," ಎಂದಷ್ಟೇ ಹೇಳಿ ಬೀಗರ ಕಡೆಗೆ ಹೋದ.

ಊಟದ ಮೇಲೆ ಫೋಟೋದವನು ಹುಡುಕಿಕೊಂಡು ಬಂದ. ಹಿಂದೆ ಗಗನ.

"ಸಾರ್, ಸೋದರಮಾವ ನೀವೇ ಅಂತೆ. ಏನ್ ಯೋಚ್ನೆ ಮಾಡ್ಬೇಡಿ. ಮೇಡಮ್ ಕೈ ಹಿಡ್ಕೊಂಡು ಆ ಬಾಗ್ಲಿಂದ ಮಂಟಪದವರ್ಗೂ ಒಂದ್ಸಲ ನಡ್ಕೊಂಡು ಬಂದ್ಬಿಡಿ. ಆಲ್ಬಮ್ಮಲ್ಲಿ ಸರಿಯಾದ್ ಜಾಗಕ್ಕೆ ಸೇರುಸ್ತೀನಿ. ಯಾರ್ಗೂ ಗೊತ್ತಾಗಲ್ಲ."

"ಬಾ ಮಾವ," ಎಂದು ಗಗನ ಕೈ ಚಾಚಿದಳು. ಅವಳ ಕಣ್ಣು ಇನ್ನೂ ಕೆಂಪಗಿತ್ತು.

ಅಂಕಯ್ಯ ಹಿಡಿದುಕೊಂಡರು. ನಾಲ್ಕು ಹೆಜ್ಜೆ ಇಟ್ಟರು. ಮಂಟಪದಲ್ಲಿ ಹೂವು ಕೀಳುತ್ತಿದ್ದರು. ಐದನೆಯ ಹೆಜ್ಜೆಗೆ ಪಕ್ಕಕ್ಕೆ ತಿರುಗಿ ನೋಡಿದರು: ಅವಳ ಕೊರಳಲ್ಲಿ ತಾಳಿಯಿತ್ತು. ಅರಿಶಿನದ ದಾರ ಇನ್ನೂ ಹಸಿ.

ಅಂಕಯ್ಯ ನಿಂತರು.

"ಬ್ಯಾಡ ಕಣವ್ವ."

"ಯಾಕೆ ಮಾವ?"

"ಹತ್ತೂವರೇಲಿ ನಾನು ಇಲ್ಲಿರ್ನಿಲ್ಲ." ಫೋಟೋದವನ ಕಡೆ ತಿರುಗಿದರು. "ಅವಾಗ ಯಾರು ಕರ್ಕೊಂಡು ಬಂದ್ರೋ ಅವರ್ದೇ ಹಾಕಪ್ಪ."

ಗಗನ ಕೈ ಬಿಡಲಿಲ್ಲ. ಏನೋ ಹೇಳುವವಳಿದ್ದಳು. ಅಷ್ಟರಲ್ಲಿ ಬಾಗಿಲಿನಿಂದ, "ಹೆಣ್ಣು ಎಲ್ಲಿ? ರಾಹುಕಾಲ ಬತ್ತದೆ, ಒರಡಬೇಕು," ಎಂದು ಗಂಡಿನ ಕಡೆಯವರು ಕೂಗಿದರು. ಯಾರೋ ಬಂದು ಅವಳ ಇನ್ನೊಂದು ಕೈ ಹಿಡಿದರು. ಅವಳು ತಿರುತಿರುಗಿ ನೋಡುತ್ತಾ ಹೋದಳು.

ಬಾಗಿಲಿಗೂ ಮಂಟಪಕ್ಕೂ ನಟ್ಟನಡುವೆ ಅಂಕಯ್ಯ ಒಬ್ಬರೇ ನಿಂತಿದ್ದರು. ಹೊರಗೆ ಕಾರು ಹೊರಟ ಸದ್ದು ಕೇಳಿತು. ಬೆನ್ನ ಹಿಂದೆ ಅಲಂಕಾರದವನು ಬಂದು ಕೆಮ್ಮಿದ.

"ಯಜಮಾನ್ರೇ, ಒಸಿ ಪಕ್ಕಕ್ಕೆ ಬನ್ನಿ. ಕಾರ್ಪೆಟ್ ಸುತ್ತಬೇಕು, ಸಂಜೆಗೆ ಇನ್ನೊಂದು ಮದ್ವೆ ಅದೆ."

ಅಂಕಯ್ಯ ಪಕ್ಕಕ್ಕೆ ಬಂದರು.